ಒಗೆಯುವ ಕಲ್ಲಿನ ಜಾಗ

ಮೊದಲೇ ಹೇಳಿಬಿಡುತ್ತೇನೆ, ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಾನು ನಂಬಿದವನಲ್ಲ. ನಂಬದಿದ್ದರೆ ಹೋಗಲಿ, ಹೇಳುತ್ತಿದ್ದವರ ಎದುರಿಗೇ ನಕ್ಕವನು. ಮೂವತ್ತನಾಲ್ಕು ವರ್ಷ ಟೆಲಿಫೋನ್ ಇಲಾಖೆಯಲ್ಲಿ ಕೇಬಲ್ ಜೋಡಿಸುವ ಕೆಲಸ ಮಾಡಿದೆ. ಶಿಕಾರಿಪುರ, ಶಿರಾಳಕೊಪ್ಪ, ಸೊರಬ, ಈ ಮೂರು ಊರುಗಳಲ್ಲಿ ಯಾವ ತಂತಿ ಯಾವ ರಸ್ತೆಯ ಕೆಳಗೆ ಹೋಗುತ್ತದೆ ಅಂತ ಕೇಳಿದರೆ ನಿಂತಲ್ಲೇ ಹೇಳುತ್ತಿದ್ದೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ತಂತಿಯೊಳಗಿನ ಸದ್ದು ಕೇಳುವುದೇ ನನ್ನ ಕಸುಬು. ಒಂದು ತಂತಿಯ ಮಾತು ಪಕ್ಕದ ತಂತಿಗೆ ಸೋರುವುದಕ್ಕೆ ನಾವು ಕ್ರಾಸ್‌ಟಾಕ್ ಅನ್ನುತ್ತಿದ್ದೆವು. ಕೇಬಲ್ಲಿಗೆ ನೀರು ಹೊಕ್ಕರೆ ಅದು ದಿನನಿತ್ಯದ ತಾಪತ್ರಯ.

ಒಮ್ಮೆ ಹೊಸಬಾಳೆಯಲ್ಲಿ ಒಬ್ಬ ಹೆಂಗಸು, ಸಂಜೆ ಫೋನ್ ಎತ್ತಿದರೆ ತೀರಿಹೋದ ತಾಯಿ ದೂರದಲ್ಲೆಲ್ಲೋ ಮಾತಾಡುವುದು ಕೇಳಿಸುತ್ತದೆ ಅಂದಿದ್ದರು. ನಾನು ಹೋಗಿ ನೋಡಿದರೆ ಕಂಬದ ಮೇಲಿನ ಜೋಡಣೆಯಲ್ಲಿ ನೀರು. ಒಣಗಿಸಿ, ಸುತ್ತಿ, ಕೆಳಗಿಳಿದು ಬಂದು, ಅದು ನಿಮ್ಮ ತಾಯಿಯಲ್ಲಮ್ಮ, ಮೇಲಿನ ಕೇರಿಯವರು ಮಗಳ ಜೊತೆ ಮಾತಾಡೋದು ಅಂತ ನಗುತ್ತ ವಿವರಿಸಿದೆ. ಆಕೆ ಒಂದು ಲೋಟ ಮಜ್ಜಿಗೆ ಕೊಟ್ಟು ಒಳಗೆ ಹೋದರು. ಆವತ್ತು ನನಗೆ ನನ್ನ ಬುದ್ಧಿಯ ಬಗ್ಗೆ ಹೆಮ್ಮೆಯೇ ಆಗಿತ್ತು.

ಇದನ್ನೆಲ್ಲ ಯಾಕೆ ಹೇಳಿದೆನೆಂದರೆ, ಮುಂದೆ ಬರೆಯುವುದನ್ನು ಓದಿ ಇವನಿಗೆ ಕಿವಿಯ ಭ್ರಮೆ ಅಂತ ನೀವು ಅಂದುಕೊಂಡರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ಹಾಗೇ ಅಂದುಕೊಳ್ಳುತ್ತಿದ್ದೆ.

ನಿವೃತ್ತಿಯಾದ ಮೇಲೆ ಹಳೇ ನಾಣ್ಯಗಳ ಹವ್ಯಾಸ ಹತ್ತಿತು. ನಿಜ ಹೇಳಬೇಕೆಂದರೆ ಅದು ಕೆಲಸದಲ್ಲಿದ್ದಾಗಲೇ ಶುರುವಾಗಿತ್ತು. ಕೇಬಲ್ಲಿಗಾಗಿ ನೆಲ ಅಗೆಯುವಾಗ ತೂತಿನ ತಾಮ್ರದ ಕಾಸು, ಸವೆದ ಬಿಲ್ಲೆ ಸಿಗುತ್ತಿದ್ದವು. ಒರೆಸಿ ಇಟ್ಟುಕೊಳ್ಳುತ್ತಿದ್ದೆ. ಪಿಂಚಣಿ ಬರತೊಡಗಿದ ಮೇಲೆ ಆನ್‌ಲೈನಿನಲ್ಲಿ ಒಂದು ಮೆಟಲ್ ಡಿಟೆಕ್ಟರ್ ತರಿಸಿದೆ. ಉದ್ದನೆಯ ಕೋಲು, ತುದಿಗೆ ಊಟದ ತಟ್ಟೆಯಷ್ಟು ಅಗಲದ ಒಂದು ಸುರುಳಿ, ಹಿಡಿಯ ಹತ್ತಿರ ಸಣ್ಣ ಪರದೆ. ನೆಲದ ಮೇಲೆ ಅತ್ತಿತ್ತ ಆಡಿಸುತ್ತ ಹೋದರೆ ಕೆಳಗೆ ಲೋಹವಿದ್ದ ಕಡೆ ಕೂಗುತ್ತದೆ. ನನ್ನ ಹೆಂಡತಿ, ರಿಟೈರಾದ್ರೂ ನೆಲ ಅಗಿಯೋ ಚಟ ಬಿಡ್ಲಿಲ್ಲವಲ್ಲ ನಿಮಗೆ ಅಂತ ಬೈದಳು.

ನಮ್ಮ ಕಡೆ ಇಂಥ ಯಂತ್ರ ಹಿಡಿದುಕೊಂಡು ಓಡಾಡಿದರೆ ಜನ ನಿಧಿಗಳ್ಳ ಅನ್ನುತ್ತಾರೆ. ಅದಕ್ಕೆ ನಾನು ಕೆಲವು ಕಟ್ಟುಪಾಡು ಇಟ್ಟುಕೊಂಡಿದ್ದೆ. ತೊಗರ್ಸಿಯ ದೇವಸ್ಥಾನವಿರಲಿ, ಯಾವ ಊರಿನ ಹಾಳು ಗುಡಿಯಿರಲಿ, ಅದರ ಸುತ್ತ ಕಾಲಿಡುವುದಿಲ್ಲ. ಹೊಲ, ಕೆರೆಯಂಗಳ ಬೇಡ. ಮನೆಯವರು ಕರೆದರೆ ಅವರ ಅಂಗಳದಲ್ಲಿ, ಹಗಲಲ್ಲಿ, ಅವರ ಕಣ್ಣೆದುರಿಗೇ ಹುಡುಕುವುದು. ಸಿಕ್ಕಿದ್ದು ಅವರದ್ದು. ಒಂದೋ ಎರಡೋ ಬಿಡಿ ಕಾಸನ್ನು ಅವರಾಗಿ ಕೊಟ್ಟರೆ ತಗೊಳ್ಳುವುದು. ಹೂತಿಟ್ಟದ್ದು ಅನ್ನಿಸುವಂಥದ್ದು ಏನಾದರೂ ಕಂಡರೆ ಮುಟ್ಟದೆ ತಾಲ್ಲೂಕು ಆಫೀಸಿಗೆ ತಿಳಿಸುವುದು. ಅಂಥ ಪ್ರಸಂಗ ಇವತ್ತಿನವರೆಗೂ ಬಂದಿಲ್ಲ. ಸಿಕ್ಕಿದ್ದರಲ್ಲಿ ಮುಕ್ಕಾಲು ಪಾಲು ಮೊಳೆ, ಸೋಡಾ ಬಾಟಲಿಯ ಬಿರಡೆ.

ಮೂರು ವರ್ಷದ ಹಿಂದೆ, ಶಿವರಾತ್ರಿ ಕಳೆದು ಬಿಸಿಲು ಬಲಿಯುತ್ತಿದ್ದ ದಿನಗಳಲ್ಲಿ ಸೊರಬದಿಂದ ಒಂದು ಫೋನ್ ಬಂತು. ಮಾತಾಡಿದವರು ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದು ನಿವೃತ್ತರಾದವರು. ಅವರನ್ನು ಇಲ್ಲಿ ಸುಮಿತ್ರಕ್ಕೋರು ಅನ್ನುತ್ತೇನೆ. ನಮ್ಮ ಕಡೆ ಹೆಣ್ಣು ಮೇಷ್ಟ್ರಿಗೆ ಅಕ್ಕೋರು ಅನ್ನುತ್ತಾರೆ, ನಿಜವಾದ ಹೆಸರು ಬೇರೆ. ಮಗ ಅಂಗಳಕ್ಕೆಲ್ಲ ಸಿಮೆಂಟಿನ ಇಂಟರ್‌ಲಾಕ್ ಹಾಕಿಸುತ್ತಿದ್ದಾನೆ, ಹಳೇ ಮನೆ, ಹಾಕಿಸುವ ಮೊದಲು ಒಮ್ಮೆ ನಿಮ್ಮ ಯಂತ್ರ ಆಡಿಸಿ ನೋಡುತ್ತೀರಾ, ಹಳೇ ಕಾಸು ಏನಾದರೂ ಇದ್ದರೆ ಅಂತ ಕೇಳಿದರು. ಬೇಗ ಬನ್ನಿ ಅಂತ ಎರಡು ಸಲ ಹೇಳಿದರು. ಹಳೇ ಕಾಸಿಗೆ ಇಷ್ಟು ಅವಸರವೇ ಅಂತ ನನಗೆ ಅನ್ನಿಸಿತ್ತು.

ಮಾರನೆಯ ದಿನ ಬೆಳಿಗ್ಗೆ ಸ್ಕೂಟರಿನಲ್ಲಿ ಹೊರಟು ಹನ್ನೊಂದರ ಹೊತ್ತಿಗೆ ಅಲ್ಲಿದ್ದೆ. ಅಕ್ಕೋರಿಗೆ ಎಪ್ಪತ್ತೆರಡು ಎಪ್ಪತ್ಮೂರು ಇರಬಹುದು. ಸಣ್ಣ ಆಳು, ದಪ್ಪ ಕನ್ನಡಕ, ಇಸ್ತ್ರಿ ಮಾಡಿದ ಕಾಟನ್ ಸೀರೆ. ಮಗನಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿ, ಸೊಸೆ ಬ್ಯಾಂಕಿನಲ್ಲಿ ಕೆಲಸ. ಇಬ್ಬರೂ ಹೋಗಿಯಾಗಿತ್ತು. ಅಂಗಳದ ಒಂದು ಬದಿಯಲ್ಲಿ ಇಂಟರ್‌ಲಾಕ್ ಇಟ್ಟಿಗೆಗಳ ಅಟ್ಟಿ, ಇನ್ನೊಂದು ಬದಿಯಲ್ಲಿ ಜಲ್ಲಿಪುಡಿ. ಹಿಂದಿನ ಗೋಡೆಯ ಹತ್ತಿರ, ಮಂಚದಗಲ ನೆಲ ಮಾತ್ರ ಬೇರೆ ಬಣ್ಣಕ್ಕೆ ತಿರುಗಿತ್ತು. ಅಲ್ಲೊಂದು ಬಟ್ಟೆ ಒಗೆಯುವ ಕಲ್ಲು ಇತ್ತಂತೆ. ಹಿಂದಿನ ದಿನ ಕೆಲಸದವರು ಹಾರೆ ಹಾಕಿ ಎಬ್ಬಿಸಿ ಹೊರಗೆ ಸಾಗಿಸಿದ್ದರು.

ನಾನು ಬಾಗಿಲ ಕಡೆಯಿಂದ ಶುರುಮಾಡಿದೆ. ಅಕ್ಕೋರು ಜಗಲಿಯ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತರು. ಮಧ್ಯಾಹ್ನದವರೆಗೆ ಎತ್ತಿನ ಲಾಳ, ತುಕ್ಕು ಹಿಡಿದ ಬೀಗ, ಅಲ್ಯುಮಿನಿಯಮ್ಮಿನ ಐದು ಪೈಸೆ, ಒಂದು ತೂತಿನ ಕಾಸು ಸಿಕ್ಕವು. ಸಿಕ್ಕಿದ್ದನ್ನೆಲ್ಲ ಅವರ ಹತ್ತಿರ ಒಯ್ದು ತೋರಿಸುತ್ತಿದ್ದೆ. ಅವರು ಪ್ರತಿ ಸಲವೂ ಬೇಗ ನೋಡಿ, ಹ್ಞಾಂ ಸರಿ, ಮುಂದೆ ನೋಡಿ ಅನ್ನುತ್ತಿದ್ದರು. ಕಾಸು ಕೊಟ್ಟಾಗಲೂ ಅಷ್ಟೇ. ಇವರು ಬೇರೇನನ್ನೋ ಕಾಯುತ್ತಿದ್ದಾರೆ ಅಂತ ನನಗೆ ಗೊತ್ತಾಯಿತು. ಕೇಳಲಿಲ್ಲ.

ಅವರೇ ಊಟಕ್ಕೆ ಬಡಿಸಿದರು. ಊಟ ಮುಗಿಸಿ ಮತ್ತೆ ಹೆಡ್‌ಫೋನ್ ಹಾಕಿಕೊಂಡು ಅಂಗಳಕ್ಕಿಳಿದಾಗ ಎರಡೂವರೆ ದಾಟಿತ್ತು. ಇಂಥ ಅನುಭವಗಳೆಲ್ಲ ರಾತ್ರಿ ಆಗುತ್ತವೆ ಅಂತ ಕೇಳಿದ್ದೇನೆ. ನನಗಾದದ್ದು ಮಟಮಟ ಬಿಸಿಲಿನಲ್ಲಿ. ಆಚೆ ಮನೆಯಲ್ಲಿ ಯಾರೋ ಕುಕ್ಕರ್ ತಿಕ್ಕುತ್ತಿದ್ದರು.

ಲೋಹವಿಲ್ಲದ ಕಡೆ ಈ ಯಂತ್ರದಲ್ಲಿ ಬರುವುದು ಒಂದು ಸಣ್ಣ ಗುಂಯ್ ಸದ್ದು ಅಷ್ಟೇ. ಅಂಗಳದ ನಡುವೆ ಬಂದಾಗ ಆ ಗುಂಯ್ ಸದ್ದಿನ ಕೆಳಗೆ ಒಂದು ಹೆಂಗಸಿನ ದನಿ ಕೇಳಿಸಿತು. ಸ್ಪಷ್ಟವಾಗಿ, ಹತ್ತಿರದಿಂದ. "ಇಲ್ಲಿ ನೋಡಾತು" ಅಂದಿತು.

ನಾನು ನಿಂತೆ. ದನಿಯೂ ನಿಂತಿತು. ಒಂದು ಹೆಜ್ಜೆ ಮುಂದಿಟ್ಟು ಸುರುಳಿ ಆಡಿಸಿದೆ. "ಇಲ್ಲೂ ನೋಡಾತು."

ಹೆದರಿಕೆಯೇನೂ ಆಗಲಿಲ್ಲ. ಮೊದಲು ತಲೆಗೆ ಬಂದದ್ದು ಹಳೇ ಕಸುಬಿನ ಯೋಚನೆಯೇ. ಎಲ್ಲೋ ರೇಡಿಯೋ, ಇಲ್ಲವೇ ಹತ್ತಿರದ ಯಾವುದೋ ಉಪಕರಣದಿಂದ ಸೋರಿಕೆ. ಹೆಡ್‌ಫೋನ್ ಕಿತ್ತು ಯಂತ್ರದ ಸ್ಪೀಕರಿನಲ್ಲಿ ಕೇಳಿದೆ, ಗುಂಯ್ ಸದ್ದು ಮಾತ್ರ. ಹೆಡ್‌ಫೋನ್ ಸಿಕ್ಕಿಸಿದೆ, ದನಿ. ಯಂತ್ರ ಆರಿಸಿದೆ, ಪೂರ್ತಿ ಮೌನ. ಹಚ್ಚಿ, ಫ್ರೀಕ್ವೆನ್ಸಿ ಬದಲಿಸಿದೆ. ಗುಂಯ್ ಸದ್ದಿನ ಶ್ರುತಿ ಬದಲಾಯಿತು, ದನಿ ಬದಲಾಗಲಿಲ್ಲ. ರೇಡಿಯೋ ಆಗಿದ್ದರೆ ನಾನು ನಿಂತಾಗಲೂ ಮಾತಾಡುತ್ತಲೇ ಇರಬೇಕಿತ್ತು. ಇದು ನಾನು ಸುರುಳಿಯನ್ನು ಹೊಸ ಜಾಗಕ್ಕೆ ಒಯ್ದಾಗ ಮಾತ್ರ ಮಾತಾಡುತ್ತಿತ್ತು. ಇಲ್ಲಿ ನೋಡಾತು. ಇಲ್ಲೂ ನೋಡಾತು. ಮೂವತ್ತರ ಒಳಗಿನ ಹೆಂಗಸಿನ ದನಿ. ಗುಟ್ಟಿನದಲ್ಲ, ಗದರುವುದಲ್ಲ. ಕೆಲಸ ಮಾಡುವಾಗ ತನ್ನಷ್ಟಕ್ಕೆ ತಾನು ಹೇಳಿಕೊಳ್ಳುವವರ ಹಾಗೆ.

ಅಕ್ಕೋರ ಕಡೆ ತಿರುಗಿದೆ. ಅವರು ಕುರ್ಚಿಯಲ್ಲೇ ಕೂತು, ಕೈ ಮಡಿಲಲ್ಲಿಟ್ಟುಕೊಂಡು, ಬಾಯಿ ಮುಚ್ಚಿ ನನ್ನನ್ನೇ ನೋಡುತ್ತಿದ್ದರು. ಇದನ್ನು ಸರಿಯಾಗಿ ನೆನಪಿಟ್ಟುಕೊಂಡಿದ್ದೇನೆ. ನಮ್ಮಿಬ್ಬರ ನಡುವೆ ಹತ್ತು ಹೆಜ್ಜೆ ಇದ್ದಿರಬಹುದು.

ಇಲ್ಲಿ ಹತ್ತಿರ ಎಲ್ಲಾದರೂ ರೇಡಿಯೋ ಹಚ್ಚಿದ್ದಾರಾ, ಯಾರೋ ಹೆಂಗಸು ಮಾತಾಡಿದ ಹಾಗೆ ಕೇಳಿಸುತ್ತಿದೆ ಅಂದೆ. ಏನು ಮಾತು ಅಂತ ಹೇಳಲಿಲ್ಲ, ನಾಚಿಕೆಯಾಯಿತು. ಅವರು ಎದ್ದು ಬಂದು, ಕೊಡಿ ಇಲ್ಲಿ ಅಂತ ಹೆಡ್‌ಫೋನ್ ತಗೊಂಡು ಕಿವಿಗಿಟ್ಟುಕೊಂಡರು. ನಾನು ಸುರುಳಿ ಆಡಿಸಿದೆ. ಸುಮಾರು ಹೊತ್ತು ಕೇಳಿ, ಬರೀ ಗುಂಯ್ ಅಂತಿದೆಯಪ್ಪ ಅಂತ ವಾಪಸು ಕೊಟ್ಟರು. ನಾನು ಹಾಕಿಕೊಂಡೆ. ಇಲ್ಲೂ ನೋಡಾತು.

ಆಮೇಲೆ ನಾನು ಮಾಡಿದ್ದು ಏನೆಂದರೆ, ಕೆಲಸ ಮುಂದುವರಿಸಿದ್ದು. ಬೇರೇನು ಮಾಡಬೇಕೋ ತೋಚಲಿಲ್ಲ. ಗೋಡೆಯ ಬುಡ, ಬಾವಿಕಟ್ಟೆಯ ಸುತ್ತ, ತುಳಸಿಕಟ್ಟೆಯ ಹಿಂದೆ, ಒಂದು ಗೇಣೂ ಬಿಡದೆ ಆ ದನಿ ಜೊತೆಗೇ ಬಂತು. ಎಲ್ಲ ಕಡೆಯೂ ಅದಕ್ಕೆ ನೋಡಿ ಆಗಿತ್ತು. ಕೊನೆಗೆ ಹಿಂದಿನ ಗೋಡೆಯ ಹತ್ತಿರ, ಕಲ್ಲು ಎಬ್ಬಿಸಿದ ಜಾಗದ ಮೇಲೆ ಸುರುಳಿ ಒಯ್ದೆ.

ದನಿ ಇಲ್ಲ. ಅತ್ತ ಒಯ್ದೆ, ಇತ್ತ ತಂದೆ. ಇಲ್ಲ. ಕಲ್ಲಿನ ಜಾಗದಿಂದ ಆಚೆ ಒಂದು ಗೇಣು ಸರಿಸಿದರೆ, ಇಲ್ಲಿ ನೋಡಾತು. ಒಳಗೆ ತಂದರೆ ಮೌನ. ನಾಲ್ಕು ಮೂಲೆಗೂ ಹೀಗೆ ಮಾಡಿ ನೋಡಿದೆ. ನಡುವಿಗೆ ಬಂದಾಗ ಯಂತ್ರ ಕೂಗಿತು. ಅಷ್ಟು ಶುದ್ಧವಾದ ಕೂಗನ್ನು ನಾನು ಅದರಲ್ಲಿ ಅದಕ್ಕಿಂತ ಮೊದಲು ಕೇಳಿರಲಿಲ್ಲ.

ಕುರ್ಪಿಯಲ್ಲಿ ನಾಲ್ಕು ಬೆರಳು ಆಳ ಕೆದಕಿದೆ. ಇಲಿಯದೋ ಹೆಗ್ಗಣದ್ದೋ ಹಳೇ ಬಿಲದ ಮಣ್ಣು, ಸಡಿಲಾಗಿತ್ತು. ಅದರಲ್ಲಿ ಹುಣಸೆಬೀಜದಷ್ಟು ಒಂದು ಚಿನ್ನದ ನಾಣ್ಯ. ಚಿನ್ನ ಮಣ್ಣಲ್ಲಿ ಎಷ್ಟು ವರ್ಷ ಇದ್ದರೂ ಬಣ್ಣ ಬಿಡುವುದಿಲ್ಲ. ಹೆಬ್ಬೆರಳಲ್ಲಿ ಒರೆಸಿದರೆ ಒಂದು ಮುಖದಲ್ಲಿ ದೇವರ ಆಕೃತಿ ಕಂಡಿತು.

ತಲೆ ಎತ್ತಿದೆ. ಅಕ್ಕೋರು ಪಕ್ಕದಲ್ಲೇ ನಿಂತಿದ್ದರು. ಯಾವಾಗ ಬಂದರೋ ಗೊತ್ತಿಲ್ಲ. ಕೊಡಲು ಕೈ ಚಾಚಿದರೆ ಹಿಂದೆ ಸರಿದರು.

"ಅದನ್ನ ನನ್ನ ಕೈಗೆ ಕೊಡಬೇಡಿ" ಅಂದರು.

ಜಗಲಿಗೆ ಹೋಗಿ ಕೂತು ಅವರು ಹೇಳಿದ್ದು ಇಷ್ಟು. ಅದು ಅವರ ಅತ್ತೆಯ ತವರಿನಿಂದ ಬಂದ ವರಹ. ದೇವರ ಪೆಟ್ಟಿಗೆಯಲ್ಲಿ ಐದು ಬೆಳ್ಳಿ ರೂಪಾಯಿಗಳ ಜೊತೆ ಇರುತ್ತಿತ್ತು. ದೀಪಾವಳಿಯ ಲಕ್ಷ್ಮೀಪೂಜೆಗೆ ವರ್ಷಕ್ಕೊಮ್ಮೆ ಹುಣಸೆಹಣ್ಣು ಹಾಕಿ ತೊಳೆಯುವುದು. ಸುಮಾರು ನಲವತ್ತೈದು ವರ್ಷದ ಹಿಂದೆ, ಅಕ್ಕೋರು ಮದುವೆಯಾಗಿ ಬಂದು ಕೆಲವೇ ವರ್ಷವಾಗಿದ್ದಾಗ, ತೊಳೆಯುವ ಕೆಲಸ ಗಂಡನ ತಂಗಿ ನಾಗರತ್ನಳ ಪಾಲಿಗೆ ಬಂತು. ಅವಳಿಗೆ ಆಗ ಇಪ್ಪತ್ತು. ಒಗೆಯುವ ಕಲ್ಲಿನ ಹತ್ತಿರ ಕೂತು ತೊಳೆದು ತಟ್ಟೆ ಒಳಗೆ ತಂದಾಗ ಬೆಳ್ಳಿಯವು ಐದೂ ಇದ್ದವು, ವರಹ ಇರಲಿಲ್ಲ. ಅಂದು ಸಂಜೆ, ಅವಳ ಟ್ರಂಕು ತೆಗೆಸಿ ನೋಡಿ ಅಂತ ಅಂದವರು ಅಕ್ಕೋರೇ. ಅಂದದ್ದಷ್ಟೇ ಅಲ್ಲ, ಟ್ರಂಕನ್ನು ನಡುಮನೆಗೆ ಎಳೆದು ತಂದು ಎಲ್ಲರೆದುರು ಸುರಿದವರೂ ಅವರೇ. ಅದರಲ್ಲಿ ನಾಲ್ಕು ಸೀರೆ, ಒಂದು ಬಳೆಯ ಡಬ್ಬಿ. ವರಹ ಇರಲಿಲ್ಲ. ಆದರೆ ಮಾತು ಊರಿಗೆ ಹೋಯಿತು. ಮಾತುಕತೆಯಲ್ಲಿದ್ದ ಗಂಡಿನ ಕಡೆಯವರು ಮತ್ತೆ ಬರಲಿಲ್ಲ. ಹಬ್ಬ ಮುಗಿದದ್ದೇ ನಾಗರತ್ನ ಶಿಕಾರಿಪುರದ ಸೋದರತ್ತೆಯ ಮನೆಗೆ ಹೋದವಳು ಅಲ್ಲೇ ಹೊಲಿಗೆ ಕಲಿತು, ಅಲ್ಲೇ ಉಳಿದಳು. ಅಣ್ಣ ತೀರಿಕೊಂಡಾಗ ಬಂದಿದ್ದಳಂತೆ. ಅಂಗಳದಲ್ಲೇ ನಿಂತು ಮುಖ ನೋಡಿ, ಹೊಸ್ತಿಲು ತುಳಿಯದೆ ಹೋದಳಂತೆ.

"ನಿನ್ನೆ ಕಲ್ಲು ಎಬ್ಬಿಸಿದ ಕೂಡಲೇ ನಿಮಗೆ ಫೋನ್ ಮಾಡಿದ್ದು" ಅಂದರು ಅಕ್ಕೋರು. "ಏನು ಹುಡುಕಬೇಕು ಅಂತ ಬೇಕಂತಲೇ ಹೇಳ್ಲಿಲ್ಲ. ನಾಳೆ ನನ್ನ ಜೊತೆ ಅವಳ ಮನೆಗೆ ಬರ್ತೀರಾ? ಎಲ್ಲಿ ಸಿಕ್ತು ಅನ್ನೋದನ್ನ ನೀವೇ ಹೇಳಬೇಕು. ನಾನು ಹೇಳಿದ್ರೆ ಅವಳು ಯಾಕೆ ನಂಬಬೇಕು?"

ಒಪ್ಪಿಕೊಂಡೆ. ಸ್ಕೂಟರಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ನನ್ನ ಮಟ್ಟಿಗೆ ಒಂದು ತೀರ್ಮಾನ ಮಾಡಿಕೊಂಡಿದ್ದೆ. ಕೇಳಿಸಿದ್ದು ಆ ನಾಗರತ್ನ ಅನ್ನುವ ಹುಡುಗಿಯ ದನಿ. ಪಾಪ, ಆಪಾದನೆ ಬಂದಾಗ ಹುಚ್ಚಿಯಂತೆ ಅಂಗಳವೆಲ್ಲ ಹುಡುಕಿದ್ದಾಳೆ. ಆಕೆ ಬದುಕಿದ್ದಾಳಲ್ಲ ಅನ್ನುವುದು ಮಾತ್ರ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಬೆಳಿಗ್ಗೆ ಹತ್ತಕ್ಕೆ ಅಕ್ಕೋರು ಬಸ್ಸಿನಿಂದ ನಮ್ಮೂರು ಶಿಕಾರಿಪುರದಲ್ಲಿ ಇಳಿದರು. ನಾಣ್ಯವನ್ನು ರಾತ್ರಿ ನನ್ನ ಹತ್ತಿರವೇ ಇಡಿಸಿದ್ದರು. ನಾಗರತ್ನಮ್ಮನವರ ಮನೆ ನನಗೆ ಗೊತ್ತಿದ್ದ ಬೀದಿಯಲ್ಲೇ ಇತ್ತು. ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಮಿಷನ್, ಗೋಡೆಗೆ ತೂಗುಹಾಕಿದ ಬ್ಲೌಸುಗಳು. ಹೊಲಿಯುತ್ತಿದ್ದವರು ತಲೆ ಎತ್ತಿ ಅಕ್ಕೋರನ್ನು ನೋಡಿ, ಕಾಲನ್ನು ಮಿಷನ್ನಿನಿಂದ ತೆಗೆದು, "ಬನ್ನಿ" ಅಂದರು. ಅಷ್ಟೇ. ಎದ್ದು ಎರಡು ಕುರ್ಚಿ ಎಳೆದು ಹಾಕಿದರು. ಒರಟು, ದಪ್ಪ ದನಿ. ನಾನು ಆ ದನಿಯಲ್ಲಿ ಹಿಂದಿನ ದಿನದ್ದನ್ನು ಹುಡುಕಿದೆ. ಸಿಗಲಿಲ್ಲ. ನಲವತ್ತೈದು ವರ್ಷದಲ್ಲಿ ದನಿ ಬದಲಾಗಿರಬಹುದು ಅಂದುಕೊಂಡೆ.

ಕರವಸ್ತ್ರದಲ್ಲಿ ಸುತ್ತಿದ್ದ ವರಹವನ್ನು ಬಿಚ್ಚಿ ಮಿಷನ್ನಿನ ಹಲಗೆಯ ಮೇಲಿಟ್ಟೆ. ನಾನು ಯಾರು, ಹೇಗೆ ಹೋದೆ, ಎಲ್ಲಿ ಎಷ್ಟು ಆಳದಲ್ಲಿ ಸಿಕ್ಕಿತು, ತೊಳೆಯುವಾಗ ಜಾರಿ ಇಲಿಯ ಬಿಲಕ್ಕೆ ಬಿದ್ದು ಕಲ್ಲಿನ ಕೆಳಗೆ ಹೋಗಿರಬೇಕು, ಎಲ್ಲ ಹೇಳಿದೆ. ದನಿಯ ವಿಷಯ ಬಿಟ್ಟೆ. ನಾಗರತ್ನಮ್ಮ ನಾಣ್ಯ ಮುಟ್ಟಲಿಲ್ಲ. ನೋಡುತ್ತಿದ್ದರು. ನಾನೇ ಬಾಯಿ ಹಾಕಿದೆ. ಆವಾಗ ನೀವು ಅಂಗಳವೆಲ್ಲ ಹುಡುಕಿರುತ್ತೀರಿ, ಕಲ್ಲಿನ ಕೆಳಗೆ ಮಾತ್ರ ನೋಡಲು ಆಗಿರಲಿಕ್ಕಿಲ್ಲ ಅಂದೆ.

"ನಾನು ಹುಡುಕಲೇ ಇಲ್ಲ" ಅಂದರು ಅವರು. "ಹುಡುಕಿದ್ರೆ, ತಾನೇ ಬಚ್ಚಿಟ್ಟು ಈಗ ನಾಟಕ ಆಡ್ತಾಳೆ ಅಂತಿದ್ರು. ಕಲ್ಲು ಎತ್ತಿಸಿ ನೋಡಿ ಅಂತ ಒಂದು ಸಲ ಹೇಳಿದೆ. ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಆಮೇಲೆ ಅಡಿಗೆಮನೇಲಿ ಕೈಕಟ್ಟಿ ಕೂತೆ. ನಾಲ್ಕನೇ ದಿನ ಬಸ್ ಹತ್ತಿದೆ."

ಅಕ್ಕೋರು ನೆಲ ನೋಡುತ್ತಿದ್ದರು.

"ಹುಡುಕಿದ್ದು ನಾನು, ನಾಗಿ" ಅಂದರು.

ಅವರು ಅದನ್ನು ಹೇಳಿದ್ದು ತುಂಬ ನಿಧಾನವಾಗಿ, ತಪ್ಪಿಲ್ಲದೆ ಪಾಠ ಒಪ್ಪಿಸುವವರ ಹಾಗೆ. ನಾಗರತ್ನ ಮನೆ ಬಿಟ್ಟ ವಾರದಿಂದಲೇ ಶುರುವಾಯಿತಂತೆ. ಶನಿವಾರ ಶಾಲೆ ಅರ್ಧ ದಿನ. ಮನೆಗೆ ಬಂದು, ಅತ್ತೆ ಮಲಗಿದ ಮೇಲೆ, ಗಂಡ ಅಂಗಡಿ ಬೀದಿಗೆ ಹೋದ ಮೇಲೆ, ಹಳೇ ಸೌಟೊಂದನ್ನು ತಗೊಂಡು ಅಂಗಳ ಕೆದಕುವುದು. ಯಾರಾದರೂ ಬಂದರೆ ಹೂವಿನ ಗಿಡಕ್ಕೆ ಪಾತಿ ಮಾಡ್ತಿದೀನಿ ಅನ್ನುವುದು. ಏಳೆಂಟು ವರ್ಷ ಹಾಗೆ ಮಾಡಿದರಂತೆ.

"ಇಲ್ಲಿ ನೋಡಾತು, ಇಲ್ಲೂ ನೋಡಾತು ಅಂತ ಬಾಯಲ್ಲಿ ಹೇಳ್ಕೊಂಡು ಹೋಗ್ತಿದ್ದೆ" ಅಂದರು. "ಮರೆತು ಅದೇ ಜಾಗ ಮತ್ತೆ ಕೆದಕಬಾರದು ಅಂತ. ಕಲ್ಲು ಒಂದನ್ನ ಎತ್ತೋಕಾಗ್ಲಿಲ್ಲ. ನಾಲ್ಕು ಆಳು ಬೇಕಿತ್ತು. ಕರೆದ್ರೆ ಯಾಕೆ ಅಂತ ಕೇಳ್ತಿದ್ರು."

ನನ್ನ ಕೈಯಲ್ಲಿ ನೀರಿನ ಲೋಟವಿತ್ತು. ಅದನ್ನು ನೆಲಕ್ಕಿಟ್ಟೆ. ಆ ಮಾತುಗಳನ್ನು ನಾನು ಅವರಿಗೆ ಹೇಳಿರಲಿಲ್ಲ. ಒಬ್ಬ ಹೆಂಗಸಿನ ದನಿ ಅಂದಿದ್ದೆ ಅಷ್ಟೇ. ಇದನ್ನು ಅಂದಿನಿಂದ ನೂರು ಸಲ ನೆನಪು ಮಾಡಿಕೊಂಡು ನೋಡಿದ್ದೇನೆ. ಹೇಳಿರಲಿಲ್ಲ.

ನಾಗರತ್ನಮ್ಮ ಕೇಳಿದರು, "ಅಂದ್ರೆ ನಾನು ತಗೊಂಡಿಲ್ಲ ಅಂತ ನಿಮಗೆ ಗೊತ್ತಿತ್ತು."

"ಗೊತ್ತಿರ್ಲಿಲ್ಲ. ಅನ್ನಿಸಿತ್ತು."

"ಯಾವಾಗ?"

"ನೀನು ಬಸ್ ಹತ್ತಿದ ದಿನವೇ."

ನಾಗರತ್ನಮ್ಮ ಆಮೇಲೆ ಹೇಳಿದ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಕೇಳುವುದು ಸುಲಭವಾಗುತ್ತಿತ್ತು.

"ಸೊರಬದ ಅರ್ಧ ಊರಿಗೆ ಅಕ್ಷರ ಕಲಿಸಿದ್ರಿ ಅತ್ತಿಗೆ. ನನಗೊಂದು ಕಾಗದ ಬರೀಲಿಲ್ಲ."

ಅಕ್ಕೋರು ಕನ್ನಡಕ ತೆಗೆದರು. ಅಳುತ್ತಾರೆ ಅಂದುಕೊಂಡೆ, ಅಳಲಿಲ್ಲ. ನಾಗರತ್ನಮ್ಮ ಮಿಷನ್ನಿನ ಡ್ರಾಯರ್ ಎಳೆದು, ಅಳತೆ ಬರೆದಿಡುವ ಉದ್ದನೆಯ ಪುಸ್ತಕ ತೆಗೆದು, ನಡುವಿನ ಹಾಳೆಯೊಂದನ್ನು ಜೋಪಾನವಾಗಿ ಬಿಡಿಸಿ, ಪೆನ್ನಿನ ಜೊತೆ ಅವರ ಮುಂದಿಟ್ಟರು.

"ಈಗ ಬರೀರಿ" ಅಂದರು.

ನಾನು ಅಲ್ಲಿಂದ ಎದ್ದು ಹೊರಗೆ ಹೋಗಿ ಬೀದಿಯಲ್ಲಿ ನಿಂತೆ. ಅರ್ಧ ಗಂಟೆಯ ಮೇಲಾಯಿತು. ಏನು ಬರೆದರೋ ನನಗೆ ಗೊತ್ತಿಲ್ಲ, ಕೇಳುವ ಹಕ್ಕೂ ನನ್ನದಲ್ಲ. ಒಳಗೆ ಕರೆದಾಗ ಹಾಳೆ ಹಲಗೆಯ ಮೇಲಿರಲಿಲ್ಲ. ಡ್ರಾಯರ್ ಮುಚ್ಚಿತ್ತು. ವರಹವನ್ನು ಅಕ್ಕೋರಿಗೇ ಒಯ್ಯಲು ನಾಗರತ್ನಮ್ಮ ಹೇಳಿದ್ದರು, ಅದು ಅವ್ವನದು, ದೇವರ ಪೆಟ್ಟಿಗೆಯಲ್ಲೇ ಇರಲಿ ಅಂತ. ಊಟದ ಹೊತ್ತಾಗಿತ್ತು. ಉಂಡು ಹೋಗಿ ಅಂತ ನನಗೂ ಹೇಳಿದರು. ಅನ್ನ, ಸಾರು, ಹಪ್ಪಳ. ಮೂವರೂ ಉಂಡೆವು. ನಾಗರತ್ನಮ್ಮ ಬಡಿಸುವಾಗ ಅತ್ತಿಗೆಯ ತಟ್ಟೆಗೆ ಕೇಳದೇ ಎರಡನೇ ಸಲ ಅನ್ನ ಹಾಕಿದರು. ಅದನ್ನು ಕ್ಷಮೆ ಅನ್ನಬೇಕೋ ಬರೀ ಮನೆಯ ರೀತಿ ಅನ್ನಬೇಕೋ, ನಾನು ತೀರ್ಮಾನ ಮಾಡಲಾರೆ. ಈಗ ಅಕ್ಕೋರು ತಿಂಗಳಿಗೊಮ್ಮೆ ಶಿಕಾರಿಪುರಕ್ಕೆ ಬರುತ್ತಾರೆ. ನಾಗರತ್ನಮ್ಮ ಮಾತ್ರ ಸೊರಬಕ್ಕೆ ಇನ್ನೂ ಹೋಗಿಲ್ಲ.

ಮನೆಗೆ ಬಂದು ಡಿಟೆಕ್ಟರನ್ನು ಬಿಚ್ಚಿ ಹಾಕಿದೆ. ನನಗೆ ಗೊತ್ತಿರುವಷ್ಟು ವಿದ್ಯೆಯಲ್ಲಿ ಎಲ್ಲ ಪರೀಕ್ಷೆ ಮಾಡಿದೆ. ಹೆಡ್‌ಫೋನಿನ ತಂತಿ ಎಲ್ಲೂ ಸವೆದಿರಲಿಲ್ಲ. ದನಿ ಹಿಡಿದಿಡುವಂಥ ಯಾವ ಭಾಗವೂ ಅದರೊಳಗೆ ಇಲ್ಲ. ಅಂದಿನಿಂದ ಎಷ್ಟೋ ಅಂಗಳಗಳಲ್ಲಿ ಅದೇ ಹೆಡ್‌ಫೋನ್ ಹಾಕಿಕೊಂಡು ಓಡಾಡಿದ್ದೇನೆ. ಒಂದು ಸಲವೂ ಏನೂ ಕೇಳಿಸಿಲ್ಲ. ಕಲ್ಲಿನ ಕೆಳಗೆ ನಾಣ್ಯ ಸಿಕ್ಕಿದ್ದರಲ್ಲಿ ಆ ದನಿಯ ಪಾಲೇನೂ ಇಲ್ಲ ಅಂತ ನೀವು ಹೇಳಬಹುದು. ನಿಜ, ದನಿ ಇಲ್ಲದಿದ್ದರೂ ಯಂತ್ರ ಅಲ್ಲಿ ಕೂಗುತ್ತಿತ್ತು. ಅದಕ್ಕೇ ನನಗೆ ಇನ್ನೂ ತಿಳಿಯುವುದಿಲ್ಲ. ದಾರಿ ತೋರಿಸಲು ಬಂದ ದನಿ ಅಂದುಕೊಂಡರೂ ಹೊಂದುವುದಿಲ್ಲ. ಅದಕ್ಕೆ ದಾರಿ ಗೊತ್ತೇ ಇರಲಿಲ್ಲ.

ಸತ್ತವರ ದನಿಯಾಗಿದ್ದರೆ ಜನ ಅದಕ್ಕೆ ಏನೋ ಒಂದು ಹೆಸರು ಹೇಳುತ್ತಾರೆ, ಶಾಂತಿ ಮಾಡಿಸುತ್ತಾರೆ. ನಾನು ನಂಬದಿದ್ದರೂ ಹೆಸರಾದರೂ ಇದೆ. ಇಲ್ಲಿ ಆ ದನಿಯ ಒಡತಿ ಹತ್ತು ಹೆಜ್ಜೆ ದೂರದಲ್ಲಿ ಕುರ್ಚಿಯ ಮೇಲೆ ಕೂತಿದ್ದರು. ಉಸಿರಾಡುತ್ತಿದ್ದರು. ನನಗೆ ಊಟ ಬಡಿಸಿ ಇನ್ನೂ ಒಂದು ಗಂಟೆಯಾಗಿರಲಿಲ್ಲ.

ಇದನ್ನು ಬರೆಯುವ ಮೊದಲು ಸೊರಬಕ್ಕೆ ಹೋಗಿ ಅಕ್ಕೋರ ಒಪ್ಪಿಗೆ ಕೇಳಿದೆ. ಆ ದನಿ ಏನಂದಿತು, ಯಾರದ್ದಾಗಿತ್ತು ಅಂತ ಅವರಿಗೆ ಹೇಳಿದ್ದು ಅದೇ ಮೊದಲು. ಹೇಳಿ ಮುಗಿಸುವವರೆಗೆ ತಡೆಯದೆ ಕೇಳಿದರು. ನಂಬಿದರೋ ಇಲ್ಲವೋ ಮುಖದಲ್ಲಿ ತಿಳಿಯಲಿಲ್ಲ. ಹೆಸರು ಬದಲಾಯಿಸಿ ಬರೀರಿ ಅಂದರು. ನಾನು ಹೊರಟು ಗೇಟಿನ ಹತ್ತಿರ ಬಂದಾಗ ಹಿಂದಿನಿಂದ ಕೂಗಿ ನಿಲ್ಲಿಸಿದರು.

"ಅಳ್ತಿದ್ದಳಾ ಅವಳು?" ಅಂತ ಕೇಳಿದರು.

ಇಲ್ಲ, ಆ ದನಿ ಸುಸ್ತಾದವರ ಹಾಗಿತ್ತು ಅಂದೆ. ಅವರು ತಲೆಯಾಡಿಸಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.